ಕೆಂಪಿಯ ರಕ್ತವನ್ನು ಓದಿಸಿದ ದಾರಿ

ತುಲಾ ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿಗೆ ಅಣಿಯಾಗುವ ಹೊತ್ತು ಕೇರಳದ ಕಾಸರಗೋಡಿನಲ್ಲಿರುವ ನಮ್ಮ ಬದಿಯಡ್ಕ ಕಡೆಯ ತೋಟಗಳಲ್ಲಿ ಉಣ್ಣಿಗಳ ಕಾಲವೂ ಹೌದು. ಆಗ ನಾಯಿ ಒಂದೆರಡು ಹೊತ್ತು ಅನ್ನ ಬಿಟ್ಟರೆ ಯಾರೂ ಗಾಬರಿಪಡುವುದಿಲ್ಲ. ನನ್ನನ್ನು ಎಚ್ಚರಿಸಿದ್ದು ನಮ್ಮ ನಾಯಿ ಕೆಂಪಿಯ ಮೂತ್ರ. ಸಿಮೆಂಟು ಅಂಗಳದ ಅಂಚಿನಲ್ಲಿ ಅದು ಕಿತ್ತಳೆ ಬಣ್ಣದ ಕಲೆಯಾಗಿ ಉಳಿದಿತ್ತು. ಹಿಡಿದು ನೋಡಿದರೆ ಕಣ್ಣಿನ ಬಿಳಿಭಾಗ ಹಳದಿ.

ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ತಂದರು. "ಅಕ್ಕಾ, ಇದು ಕಾಮಾಲೆಯೇ. ಅರೆದು ಮಜ್ಜಿಗೆಯಲ್ಲಿ ಕೊಡಿ" ಎಂದರು. ಪ್ರೀತಿಯಿಂದ ಹೇಳಿದ ಮಾತು. ಆದರೆ ಕೆಂಪಿಯ ತುಟಿ ಎತ್ತಿದಾಗ ಕಂಡ ವಸಡು ನನಗೆ ಬೇರೆಯೇ ಹೇಳುತ್ತಿತ್ತು. ಅದು ಹಳದಿಯಷ್ಟೇ ಆಗಿರಲಿಲ್ಲ, ಬಿಳಿಚಿಕೊಂಡಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಮರಳಿ ಬಂತೋ ಇಲ್ಲವೋ ಗೊತ್ತಾಗದಷ್ಟು ಬಿಳಿ.

ಮೃಗಾಸ್ಪತ್ರೆಯ ಡಾಕ್ಟರು ದಕ್ಷಿಣದ ಜಿಲ್ಲೆಯಿಂದ ಬಂದ ಮಲಯಾಳಿ ಹುಡುಗಿ. ನಮ್ಮೂರಿನಲ್ಲಿದ್ದು ಕನ್ನಡ ಕಲಿತಿದ್ದಾರೆ. ಅವರೂ ಮೊದಲು ನೋಡಿದ್ದು ವಸಡನ್ನೇ. "ಚೇಚಿ, ಹಳದಿ ಮತ್ತು ಬಿಳಿ ಎರಡೂ ಒಟ್ಟಿಗೆ ಇದ್ದರೆ ಮೊದಲು ರಕ್ತವನ್ನು ಸಂಶಯಿಸಬೇಕು, ಲಿವರನ್ನಲ್ಲ" ಎಂದರು. ಕೆಂಪು ರಕ್ತಕಣಗಳು ಒಡೆದಾಗ ಅವುಗಳೊಳಗಿನ ಹಿಮೋಗ್ಲೋಬಿನ್ ಬಿಲಿರುಬಿನ್ ಆಗಿ ಮಾರ್ಪಡುತ್ತದೆ. ಒಡೆಯುವ ವೇಗ ಹೆಚ್ಚಿದಾಗ ಆರೋಗ್ಯವಂತ ಯಕೃತ್ತಿಗೂ ಅದನ್ನು ಸಾಗಹಾಕಲು ಆಗುವುದಿಲ್ಲ. ಹಳದಿ ಬರುವುದು ಹಾಗೆ. ಕಣಗಳು ಕಡಿಮೆಯಾದದ್ದರಿಂದ ವಸಡು ಬಿಳಿಚಿಕೊಳ್ಳುತ್ತದೆ.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನಾನು ಮರೆಯುವುದಿಲ್ಲ, ಏಕೆಂದರೆ ಪ್ರತಿಯೊಂದರ ಹಿಂದೆಯೂ ಒಂದು ಕಾರಣವಿತ್ತು. ನೀರುಳ್ಳಿ ಹಾಕಿದ ಸಾಂಬಾರು ಅನ್ನಕ್ಕೆ ಕಲಸಿ ಕೊಡುತ್ತೀರಾ? ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ಕಣವನ್ನು ಒಡೆಯುತ್ತವೆ. ಹಾವು ಕಚ್ಚಿದ ಗುರುತು, ಊತ ಇದೆಯೇ? ಕನ್ನಡಿ ಹಾವಿನ ವಿಷವೂ ರಕ್ತ ಕೆಡಿಸುತ್ತದೆ. ಇಲಿಜ್ವರದ ಲಸಿಕೆ ಆಗಿದೆಯೇ? ಅಡಿಕೆ ತೋಟದ ನಾಯಿಗೆ ಇಲಿಯ ಮೂತ್ರ ಬೆರೆತ ನೀರು ಸಿಗುವುದು ಕಷ್ಟವಲ್ಲ. ಇತ್ತೀಚೆಗೆ ಯಾವುದಾದರೂ ಮಾತ್ರೆ, ಚುಚ್ಚುಮದ್ದು ಕೊಟ್ಟಿದ್ದೀರಾ? ಕೊನೆಗೆ ಉಣ್ಣಿ. ನಮ್ಮಲ್ಲಿ ನೀರುಳ್ಳಿ ಬೀಳುವ ಅಡುಗೆಯನ್ನು ನಾಯಿಗೆ ಹಾಕುವ ಕ್ರಮವಿಲ್ಲ, ಲಸಿಕೆ ಆಗಿತ್ತು, ಔಷಧ ಯಾವುದೂ ಕೊಟ್ಟಿರಲಿಲ್ಲ. ಉಣ್ಣಿ ಮಾತ್ರ ಇತ್ತು. ಕಿವಿಯ ಒಳಮಡಿಕೆಯಿಂದ ಅವರೇ ಎರಡನ್ನು ಚಿಮ್ಮಟದಲ್ಲಿ ಹಿಡಿದು ತೆಗೆದರು.

ಪೇಟೆಯ ಲ್ಯಾಬಿಗೆ ಕಳಿಸಿದ ರಕ್ತದ ವರದಿ ಸಂಜೆ ಬಂತು. ಯಂತ್ರದಿಂದ ಬಂದ ಕಾಗದ, ಸಾಲು ಸಾಲು ಅಂಕಿಗಳು, ಪಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ಬಾಣಗಳು. ಹಿಮೋಗ್ಲೋಬಿನ್ ಕಡಿಮೆ, ಕೆಂಪು ಕಣಗಳ ಎಣಿಕೆ ಅದಕ್ಕಿಂತಲೂ ಕಡಿಮೆ. ಅವುಗಳ ನಡುವೆ ಎಂಸಿಎಚ್‌ಸಿ ಎಂಬ ಅಂಕಿ 41 ಎಂದಿತ್ತು. ಡಾಕ್ಟರು ಬೆರಳಿಟ್ಟದ್ದು ಅಲ್ಲೇ. ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಒತ್ತಾಗಿದೆ ಎಂಬುದರ ಲೆಕ್ಕ ಅದು. ನಾಯಿಯಲ್ಲಿ ಸಾಮಾನ್ಯವಾಗಿ 32ರಿಂದ 36ರ ಆಸುಪಾಸಿನಲ್ಲಿರುತ್ತದೆ. ಕಣವೊಂದು ಅದಕ್ಕಿಂತ ಅಷ್ಟೊಂದು ಹೆಚ್ಚು ಹಿಮೋಗ್ಲೋಬಿನ್ ತುಂಬಿಕೊಳ್ಳಲು ಸಾಧ್ಯವೇ ಇಲ್ಲ. ಹಾಗಾದರೆ ಒಂದೋ ಒಡೆದ ಕಣಗಳ ಹಿಮೋಗ್ಲೋಬಿನ್ ಹೊರಗಿನ ದ್ರವದಲ್ಲಿ ತೇಲುತ್ತಿದೆ, ಇಲ್ಲವೇ ಕಣಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರ ಅವುಗಳನ್ನು ಸರಿಯಾಗಿ ಎಣಿಸಲಾರದೆ ಹೋಗಿದೆ. ಇರಲು ಸಾಧ್ಯವೇ ಇಲ್ಲದ ಅಂಕಿಯೇ ಇಲ್ಲಿ ಸುಳಿವು ಕೊಟ್ಟಿತ್ತು. ಆದರೆ ಆ ಕಾಗದದಲ್ಲಿ ಸ್ಲೈಡಿನ ಮೇಲೆ ರಕ್ತವನ್ನು ಯಾರಾದರೂ ಕಣ್ಣಾರೆ ನೋಡಿದ್ದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ರಕ್ತಹೀನತೆಯ ಪ್ರಾಣಿಯ ವರದಿಯನ್ನು ಸ್ಲೈಡು ನೋಡದೆ ಕೊಡುವುದು ಅರ್ಧ ಕೆಲಸ.

"ಇವಳನ್ನು ನಾಳೆಯೇ ಮಂಗಳೂರಿಗೆ ಕರೆದುಕೊಂಡು ಹೋಗಿ. ಇಮ್ಯೂನ್ ತೊಂದರೆ ಇರಬಹುದು, ನನ್ನಲ್ಲಿ ರಕ್ತ ಕೊಡುವ ವ್ಯವಸ್ಥೆ ಇಲ್ಲ" ಎಂದು ಡಾಕ್ಟರು ಚೀಟಿ ಬರೆದರು. 1956ರವರೆಗೆ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ. ಗಡಿ ಬದಲಾಗಿ ಇಷ್ಟು ಕಾಲವಾದರೂ ನಮ್ಮ ಮನೆಯಲ್ಲಿ ಮನುಷ್ಯರಿಗೂ ದನಕರುಗಳಿಗೂ ಕಾಯಿಲೆ ಜೋರಾದರೆ ಗಡಿಯ ತಲಪಾಡಿ ದಾಟುವುದೇ ರೂಢಿ. ನಮ್ಮ ಯಜಮಾನರು ಕಾರಿನ ಹಿಂದಿನ ಸೀಟಿಗೆ ಹಳೆಯ ಕಂಬಳಿ ಹಾಸಿದರು. ದಾರಿಯುದ್ದಕ್ಕೂ ಕೆಂಪಿ ತಲೆ ಎತ್ತಲಿಲ್ಲ.

ಅಲ್ಲಿನ ವೈದ್ಯರು ಹಿರಿಯರು, ಮಾತು ಕಡಿಮೆ. ದೊಡ್ಡ ಯಂತ್ರದ ಬಳಿಗೆ ಹೋಗದೆ ಮೊದಲು ಕೂದಲಿನಷ್ಟು ಸಪೂರದ ಗಾಜಿನ ಕೊಳವೆಯೊಂದಕ್ಕೆ ರಕ್ತ ಏರಿಸಿ, ತುದಿಗೆ ಜೇಡಿಯಂಥ ಮೇಣ ಒತ್ತಿ, ಗಿರಗಿರನೆ ತಿರುಗುವ ಸಣ್ಣ ಯಂತ್ರದಲ್ಲಿಟ್ಟರು. ಕೆಲವೇ ನಿಮಿಷ. ಹೊರತೆಗೆದಾಗ ಕೊಳವೆಯ ತಳದಲ್ಲಿ ಕೆಂಪು ಕಣಗಳ ಗಿಡ್ಡ ಕಂಬ, ಅದರ ಮೇಲೆ ಬಿಳಿ ಕಣಗಳ ತೆಳು ಗೆರೆ, ಉಳಿದದ್ದೆಲ್ಲ ದ್ರವ. ಅದನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ತಿಳಿ ಒಣಹುಲ್ಲಿನ ಬಣ್ಣಕ್ಕಿರಬೇಕಾದ ದ್ರವ ಅರಶಿನ ಕದಡಿದ ನೀರಿನಂತೆ ಗಾಢವಾಗಿತ್ತು. ಒಟ್ಟು ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬುದನ್ನು ಪಿಸಿವಿ ಎನ್ನುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಸುಮಾರು 37ರಿಂದ 55 ಶೇಕಡಾ. ಕೆಂಪಿಯದು 14.

ಕಣಗಳು ಅಂಟಿಕೊಂಡಿದ್ದರೂ ಈ ಅಳತೆ ಹೆಚ್ಚು ಕೆಡುವುದಿಲ್ಲ, ಜೊತೆಗೆ ದ್ರವದ ಬಣ್ಣವೂ ಕಣ್ಣಿಗೆ ಕಾಣುತ್ತದೆ. ಹಳದಿಯಾದರೆ ಬಿಲಿರುಬಿನ್, ಕೆಂಪಾದರೆ ರಕ್ತನಾಳದೊಳಗೇ ಕಣಗಳು ಸಿಡಿಯುತ್ತಿವೆ ಎಂದರ್ಥ. ಅಂದಿನಿಂದ ನಾನು ಯಾವ ಲ್ಯಾಬಿಗೆ ಹೋದರೂ ಮೊದಲು ಕೇಳುವುದು ಕೊಳವೆಯಲ್ಲಿ ತಿರುಗಿಸಿದ ಪಿಸಿವಿಯನ್ನು.

ಮುಂದಿನದು ಇನ್ನೂ ಸರಳ. ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಅದಕ್ಕೆ ನಾಲ್ಕು ಹನಿ ಸಲೈನು. ಸ್ಲೈಡನ್ನು ಹಿಂದೆ ಮುಂದೆ ಓಲಾಡಿಸಿದರು. ಸರಿಯಾದ ರಕ್ತವಾದರೆ ಅದು ಸಮನಾಗಿ ಹರಡಿ ತಿಳಿಗೆಂಪಾಗಬೇಕು. ಕೆಂಪಿಯ ರಕ್ತದಲ್ಲಿ ಸಣ್ಣ ಸಣ್ಣ ಕೆಂಪು ಕಾಳುಗಳು ಉಳಿದವು. ಉರಿಯೂತದಲ್ಲಿ ನಾಣ್ಯಗಳನ್ನು ಪೇರಿಸಿಟ್ಟ ಹಾಗೆ ಕಣಗಳು ಸುಮ್ಮನೆ ಒಂದರ ಮೇಲೊಂದು ಕೂರುವುದಿದೆ, ಅವು ಸಲೈನಿನಲ್ಲಿ ಬಿಟ್ಟುಹೋಗುತ್ತವೆ. ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು (ಆ್ಯಂಟಿಬಾಡಿ) ಕಣಗಳನ್ನು ಕಟ್ಟಿಹಾಕಿದ್ದರೆ ಬಿಡುವುದಿಲ್ಲ. ಸಂಶಯಕ್ಕೆ ಎಡೆಯಿರದಿರಲೆಂದು ಅವರು ಮತ್ತೊಮ್ಮೆ ಒಂದು ಹನಿಗೆ 49 ಹನಿಯ ಪ್ರಮಾಣದಲ್ಲಿ ಸಲೈನು ಬೆರೆಸಿ ನೋಡಿದರು. ಆಗಲೂ ಕಾಳುಗಳು ಕರಗಲಿಲ್ಲ.

ಮೂರನೆಯದಾಗಿ ಸ್ಮಿಯರ್. ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಬಣ್ಣ ಹಾಕಿ ಒಣಗಿಸಿ, ಎಣ್ಣೆಯ ಮಸೂರದಡಿ ಇಟ್ಟರು. ಬಹಳ ಹೊತ್ತು ನೋಡಿದ ಮೇಲೆ, "ಬನ್ನಿ ಅಮ್ಮಾ, ನೀವೂ ನೋಡಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಕಣ್ಣು ಹೊಂದಿಕೊಳ್ಳಲು ತುಸು ಸಮಯ ಬೇಕಾಯಿತು. ನಾಯಿಯ ಕೆಂಪು ಕಣ ನಡುವೆ ತಗ್ಗಿರುವ ಬಿಲ್ಲೆ, ಹಾಗಾಗಿ ಮಧ್ಯದಲ್ಲಿ ತಿಳಿಯಾಗಿ, ಅಂಚಿನಲ್ಲಿ ಗಾಢವಾಗಿ ಕಾಣಬೇಕು. ಅಂಥವು ಅಲ್ಲೊಂದು ಇಲ್ಲೊಂದು ಇದ್ದವು. ಹೆಚ್ಚಿನವು ಗಾತ್ರದಲ್ಲಿ ಚಿಕ್ಕವು, ನಡುವಿನ ತಿಳಿಭಾಗವೇ ಇಲ್ಲದ, ಒಂದೇ ಸಮನೆ ಗಾಢ ಕೆಂಪಿನ ಗುಂಡುಗಳು. ಇವನ್ನು ಸ್ಫೆರೊಸೈಟ್ ಎನ್ನುತ್ತಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೆಂಪು ಕಣಕ್ಕೆ ಪ್ರತಿಕಾಯ ಅಂಟಿಸುತ್ತದೆ. ಗುಲ್ಮದಲ್ಲಿರುವ ಭಕ್ಷಕ ಕಣಗಳು ಆ ಗುರುತನ್ನು ಕಂಡು ಹೊರಪೊರೆಯ ತುಣುಕನ್ನು ಕಚ್ಚಿ ತೆಗೆಯುತ್ತವೆ. ಪೊರೆ ಕಡಿಮೆಯಾಯಿತು, ಒಳಗಿನದು ಹಾಗೆಯೇ ಇದೆ. ಉಳಿದ ಪೊರೆ ಬಿಗಿದುಕೊಂಡು ಬಿಲ್ಲೆ ಗುಂಡಾಗುತ್ತದೆ. ಎಣ್ಣೆ ಮಸೂರದ ಒಂದೊಂದು ನೋಟದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಸ್ಫೆರೊಸೈಟ್ ಕಂಡರೆ ಅದು ಬಲವಾದ ಪುರಾವೆ. ಕೆಂಪಿಯಲ್ಲಿ ಎಣಿಸುವ ಅಗತ್ಯವೇ ಇರಲಿಲ್ಲ. ಅವಳ ದೇಹ ಅವಳನ್ನೇ ತಿನ್ನುತ್ತಿರುವುದನ್ನು ಕಣ್ಣಾರೆ ಕಂಡೆ. ಆ ನೋಟ ನನ್ನನ್ನು ಹೆದರಿಸಿತು, ಆದರೆ ಏನು ನಡೆಯುತ್ತಿದೆ ಎಂಬ ಗೊಂದಲವನ್ನೂ ತೆಗೆದುಹಾಕಿತು.

ಐಎಂಎಚ್‌ಎ ಎಂದು ಅವರು ಕಡತದಲ್ಲಿ ಬರೆದರು, ಅಂದರೆ ರೋಗನಿರೋಧಕ ವ್ಯವಸ್ಥೆಯೇ ಕೆಂಪು ಕಣಗಳನ್ನು ನಾಶಮಾಡಿ ಬರುವ ರಕ್ತಹೀನತೆ. ಕೆಂಪಿಯ ಜೋಲು ಕಿವಿಯನ್ನು ಮುಟ್ಟಿ, ಕಾಕರ್ ಸ್ಪೇನಿಯಲ್ ಬೆರಕೆ ಇರಬಹುದು, ಆ ತಳಿಯಲ್ಲಿ ಈ ಕಾಯಿಲೆ ಹೆಚ್ಚು ಎಂದರು. ಆದರೆ ಹೆಸರಿಟ್ಟ ಕೂಡಲೇ ಕೆಲಸ ಮುಗಿಯುವುದಿಲ್ಲ. ದೇಹ ತಾನಾಗಿ ತಿರುಗಿಬಿದ್ದಿದೆಯೇ, ಬೇರೆ ಯಾವುದೋ ಅದನ್ನು ಕೆರಳಿಸಿದೆಯೇ ಎಂಬುದು ತಿಳಿಯಬೇಕು. ನಮ್ಮ ಕಡೆ ಕೆರಳಿಸುವವರಲ್ಲಿ ಮೊದಲಿನದು ಬಬೇಸಿಯಾ ಗಿಬ್ಸೋನಿ, ಉಣ್ಣಿಯಿಂದ ಬರುವ, ಕೆಂಪು ಕಣದೊಳಗೇ ಕೂರುವ ಪರೋಪಜೀವಿ. ಅದನ್ನು 1910ರಲ್ಲಿ ಮೊದಲು ವಿವರಿಸಿದ್ದೇ ನಮ್ಮ ದಕ್ಷಿಣ ಭಾರತದಲ್ಲಿ, ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಆಮೇಲೆ ನರಿಯ ರಕ್ತದಲ್ಲೂ ಸಿಕ್ಕಿತು. ಸೂಕ್ಷ್ಮದರ್ಶಕದಡಿ ಅದು ಬಹಳ ಚಿಕ್ಕ ಉಂಗುರ, ಕಣ್ತಪ್ಪುವುದು ಸುಲಭ. ಕಿವಿಯ ತುದಿಯ ರಕ್ತದಲ್ಲಿ ಸಿಗುವ ಸಾಧ್ಯತೆ ಹೆಚ್ಚೆಂದು ಅಲ್ಲಿಂದಲೂ ಒಂದು ಸ್ಮಿಯರ್ ಎಳೆದರು. ಕಾಣಲಿಲ್ಲ. ಕಾಣದಿದ್ದರೆ ಇಲ್ಲ ಎಂದು ಅರ್ಥವಲ್ಲವಾದ್ದರಿಂದ ಬಬೇಸಿಯಾ ಮತ್ತು ಉಣ್ಣಿಯಿಂದಲೇ ಬರುವ ಬ್ಯಾಕ್ಟೀರಿಯಾ ಎರ್ಲಿಕಿಯಾ ಎರಡಕ್ಕೂ ಪಿಸಿಆರ್ ಪರೀಕ್ಷೆಗೆ ರಕ್ತ ಕಳಿಸಿದರು. ಇದು ಯಾಕೆ ಮುಖ್ಯವೆಂದರೆ, ಐಎಂಎಚ್‌ಎಗೆ ಕೊಡುವುದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ. ಒಳಗೆ ಪರೋಪಜೀವಿ ಇದ್ದು ಅದಕ್ಕೆ ಬೇರೆ ಮದ್ದು ಬೀಳದಿದ್ದರೆ ನಾವೇ ಅದಕ್ಕೆ ದಾರಿ ಬಿಟ್ಟಂತಾಗುತ್ತದೆ. ವರದಿ ಬರುವವರೆಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಜೊತೆಗೆ ನಡೆಯಿತು. ಗುಲ್ಮದಲ್ಲಿ ಗಡ್ಡೆಯೇನಾದರೂ ಇದೆಯೇ ಎಂದು ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಗುಲ್ಮ ದೊಡ್ಡದಾಗಿತ್ತು, ಗಡ್ಡೆ ಇರಲಿಲ್ಲ. ಕೆಲವು ದಿನಗಳ ಮೇಲೆ ಪಿಸಿಆರ್ ಎರಡೂ ನೆಗೆಟಿವ್ ಬಂತು.

ಕೂಂಬ್ಸ್ ಪರೀಕ್ಷೆ ಮಾಡಿಸಬೇಕೇ ಎಂದು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕೇಳಿದ. ಕೆಂಪು ಕಣದ ಮೇಲೆ ಪ್ರತಿಕಾಯ ಅಂಟಿದೆಯೇ ಎಂದು ತೋರಿಸುವ ಪರೀಕ್ಷೆ ಅದು. 1945ರಲ್ಲಿ ಅದನ್ನು ರೂಪಿಸಿದವರಲ್ಲಿ ಮೊದಲಿಗರಾದ ರಾಬಿನ್ ಕೂಂಬ್ಸ್ ಓದಿದ್ದು ಪಶುವೈದ್ಯಕೀಯ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಇಂದು ಮನುಷ್ಯರ ರಕ್ತನಿಧಿಗಳಲ್ಲೆಲ್ಲ ನಡೆಯುವ ಪರೀಕ್ಷೆಯ ಹಿಂದೆ ಒಬ್ಬ ಪಶುವೈದ್ಯರಿದ್ದಾರೆ. ಆದರೆ ನಾಯಿಗೆ ಮಾಡುವಾಗ ನಾಯಿಯ ಪ್ರತಿಕಾಯವನ್ನೇ ಗುರುತಿಸುವ ದ್ರಾವಣ ಬೇಕು, ಮನುಷ್ಯರದ್ದು ನಡೆಯುವುದಿಲ್ಲ. ಸಲೈನಿನಲ್ಲಿ ಬಿಡದ ಕಾಳುಗಳೂ ಇಷ್ಟೊಂದು ಸ್ಫೆರೊಸೈಟುಗಳೂ ಇರುವಾಗ ಅದರಿಂದ ಹೊಸದಾಗಿ ತಿಳಿಯುವುದೇನಿಲ್ಲ ಎಂದು ವೈದ್ಯರು ಅದನ್ನು ಬಿಟ್ಟರು. ಆ ನಿರ್ಧಾರ ನನಗೆ ಮೆಚ್ಚಿಗೆಯಾಯಿತು. ಅವಳಲ್ಲಿ ಉಳಿದಿದ್ದ ರಕ್ತವೇ ಅಷ್ಟಿಷ್ಟು. ತೆಗೆಯುವ ಪ್ರತಿ ಮಿಲಿಲೀಟರಿಗೂ ಲೆಕ್ಕ ಇರಬೇಕು.

ರೋಗ ಯಾವುದೆಂದು ಹೇಳುವ ಗುರುತುಗಳು ಬೇರೆ, ಮುಂದೆ ಏನಾಗಬಹುದೆಂದು ಹೇಳುವ ಗುರುತುಗಳು ಬೇರೆ. ಎರಡನೆಯ ಗುಂಪಿನಲ್ಲಿ ನಾವು ಹೆಚ್ಚು ಕಾದು ನೋಡಿದ್ದು ಬಿಲಿರುಬಿನ್. ನಾಯಿಯಲ್ಲಿ ಅದು ಡೆಸಿಲೀಟರಿಗೆ ಅರ್ಧ ಮಿಲಿಗ್ರಾಮಿನ ಒಳಗಿರಬೇಕು. ಕೆಂಪಿಯದು 6ರ ಹತ್ತಿರ. ಅದು ಏರಿದಷ್ಟೂ ಅಪಾಯ ಹೆಚ್ಚು. ಯೂರಿಯಾ ಏರಿಲ್ಲ ಎಂಬುದು ಸಮಾಧಾನದ ಸಂಗತಿ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಇಳಿದಿತ್ತು, ಅದು ಚಿಂತೆಯ ವಿಷಯ. ಏಕೆಂದರೆ ಈ ಕಾಯಿಲೆಯಲ್ಲಿ ನಾಯಿಗಳು ಸಾಯುವುದು ರಕ್ತ ಕಡಿಮೆಯಾಗಿ ಮಾತ್ರ ಅಲ್ಲ, ರಕ್ತ ಹೆಪ್ಪುಗಟ್ಟಿ. ಹೆಪ್ಪು ಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ಅವು ಹೆಪ್ಪಿನಲ್ಲಿ ಖರ್ಚಾಗುತ್ತಿರುವುದರ ಸೂಚನೆಯೂ ಇರಬಹುದು. ಬಿಳಿ ಕಣಗಳು ಬಹಳ ಏರಿ, ಅವುಗಳಲ್ಲಿ ಇನ್ನೂ ಬಲಿಯದ ಎಳೆಯವೂ ಇದ್ದವು. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಏರುವ ಲ್ಯಾಕ್ಟೇಟನ್ನು ಬಂದ ಕೂಡಲೇ ಒಮ್ಮೆ, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಅಳೆದರು. ಮೊದಲ ಅಂಕಿ ಎಷ್ಟೆಂಬುದಕ್ಕಿಂತಲೂ ಅದು ಬೇಗ ಇಳಿಯುತ್ತದೆಯೇ ಎಂಬುದೇ ಅವರಿಗೆ ಬೇಕಾಗಿತ್ತು.

ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಕಿಲೋಗೆ 2 ಮಿಲಿಗ್ರಾಂ, ಹೆಪ್ಪು ತಡೆಯಲು ಕ್ಲೊಪಿಡೊಗ್ರೆಲ್. ಮರುದಿನ ಪಿಸಿವಿ 11ಕ್ಕೆ ಬಿತ್ತು. ಮಲಗಿದಲ್ಲೇ ಏದುಸಿರು ಬಿಡುತ್ತಿದ್ದಳು. ರಕ್ತ ಕೊಡಲೇಬೇಕಾಯಿತು. ಅಡ್ಯನಡ್ಕದ ಭಾವ ತಮ್ಮ ಜರ್ಮನ್ ಶೆಫರ್ಡ್ ನಾಯಿಯನ್ನು ಜೀಪಿನಲ್ಲಿ ತಂದರು. "ಅತ್ತಿಗೆ, ಇವನು ಮೂವತ್ತೈದು ಕಿಲೋ ಇದ್ದಾನೆ, ಹೆದರಬೇಡಿ" ಎಂದರು. ದಾನಿ ನಾಯಿ 25 ಕಿಲೋಗಿಂತ ಹೆಚ್ಚು ತೂಗಬೇಕು, ಪ್ರಾಯದಲ್ಲಿರಬೇಕು, ಉಣ್ಣಿ ರೋಗಗಳಿರಬಾರದು. ಅವನ ಪಿಸಿವಿ, ಸ್ಮಿಯರ್ ಎಲ್ಲ ನೋಡಿದರು. ನಾಯಿಗಳಲ್ಲೂ ರಕ್ತದ ಗುಂಪುಗಳಿವೆ, ಡಿಇಎ 1 ಎಂಬುದು ಅವುಗಳಲ್ಲಿ ಮುಖ್ಯ. ಅವನು ನೆಗೆಟಿವ್ ಎಂದು ಗೊತ್ತಾಯಿತು. ಕೆಂಪಿಯ ಗುಂಪನ್ನು ನೋಡಲು ಆಗಲಿಲ್ಲ, ಅವಳ ಕಣಗಳು ತಾವಾಗಿಯೇ ಅಂಟಿಕೊಳ್ಳುತ್ತಿದ್ದುದರಿಂದ ಪರೀಕ್ಷೆ ಏನನ್ನೂ ಹೇಳುವಂತಿರಲಿಲ್ಲ. ಮೊದಲ ಸಲ ರಕ್ತ ಪಡೆಯುವ ನಾಯಿಗೆ ನೆಗೆಟಿವ್ ದಾನಿಯ ರಕ್ತ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆ ದೊಡ್ಡ ಪ್ರಾಣಿ ಭಾವನ ಕೈ ನೆಕ್ಕುತ್ತ ಕತ್ತು ಚಾಚಿ ಮಲಗಿತ್ತು. 450 ಮಿಲಿಲೀಟರ್ ಚೀಲ ನಿಧಾನವಾಗಿ ತುಂಬಿತು. ಅವನಿಗೆ ನಾವು ಎಷ್ಟು ಋಣಿಗಳೆಂದು ಹೇಳಿ ತೀರದು.

ಕೆಂಪಿಗೆ ಹನಿಹನಿಯಾಗಿ ಇಳಿಸಿದರು. ಮೊದಲ ಅರ್ಧ ಗಂಟೆ ಜ್ವರ, ನಾಡಿ, ಉಸಿರನ್ನು ಮತ್ತೆ ಮತ್ತೆ ನೋಡಿದರು. ಪಿಸಿವಿ 20ಕ್ಕೆ ಏರಿತು, ಎರಡು ದಿನದಲ್ಲಿ 17ಕ್ಕೆ ಇಳಿಯಿತು. ಬಂದ ಕಣಗಳನ್ನೂ ಅವಳ ದೇಹ ಬಿಡುತ್ತಿರಲಿಲ್ಲ. ಆಗ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮೈಕೊಫೆನೊಲೇಟ್ ಎಂಬ ಎರಡನೆಯ ಔಷಧ ಸೇರಿತು.

ನಾವು ಕಾಯುತ್ತಿದ್ದದ್ದು ರೆಟಿಕ್ಯುಲೊಸೈಟಿಗೆ. ಅಸ್ಥಿಮಜ್ಜೆ ಹೊಸದಾಗಿ ಹೊರಗೆ ಕಳಿಸುವ ಎಳೆಯ ಕೆಂಪು ಕಣಗಳಿವು. ರಕ್ತ ಕಡಿಮೆಯಾಯಿತೆಂದು ಮಜ್ಜೆಗೆ ತಿಳಿದು, ಅದು ಕೆಲಸ ಹೆಚ್ಚಿಸಿ, ಫಲ ರಕ್ತದಲ್ಲಿ ಕಾಣಲು ಮೂರರಿಂದ ಐದು ದಿನ ಬೇಕು. ಹಾಗಾಗಿ ಮೊದಲ ದಿನದ ಎಣಿಕೆ ಕಡಿಮೆ ಬಂದರೆ ಮಜ್ಜೆ ಸೋತಿದೆ ಎಂದು ತೀರ್ಮಾನಿಸಬಾರದು. ಕೆಲವು ನಾಯಿಗಳಲ್ಲಿ ದಾಳಿ ಮಜ್ಜೆಯೊಳಗಿನ ಎಳೆಯ ಕಣಗಳ ಮೇಲೆಯೇ ನಡೆಯುತ್ತದೆ, ಆಗ ಎಷ್ಟು ಕಾದರೂ ಈ ಎಣಿಕೆ ಏರುವುದಿಲ್ಲ. ಮೈಕ್ರೋಲೀಟರಿಗೆ 60,000 ದಾಟಿದರೆ ಮಜ್ಜೆ ಸ್ಪಂದಿಸುತ್ತಿದೆ ಎನ್ನುತ್ತಾರೆ. ಕೆಂಪಿಯ ವರದಿಯಲ್ಲಿ 1,80,000 ಎಂದು ಕಂಡಾಗ ಅಲ್ಲಿನ ಸಹಾಯಕ ಹುಡುಗ ನನಗಿಂತ ಮೊದಲು ನಕ್ಕ. ಸ್ಮಿಯರಿನಲ್ಲೂ ದೊಡ್ಡ, ನೀಲಿ ಛಾಯೆಯ ಎಳೆಯ ಕಣಗಳು ತುಂಬಿದ್ದವು. ಕೊಳವೆಯ ದ್ರವ ತಿಳಿಯಾಗತೊಡಗಿದ್ದು ಅದರ ಹಿಂದೆಯೇ. ಪಿಸಿವಿ ಇನ್ನೂ 18ರಲ್ಲೇ ನಿಂತಿತ್ತು. ಅದೊಂದನ್ನೇ ನೋಡುವವರಿಗೆ ಏನೂ ಆಗಿಲ್ಲ ಎನ್ನಿಸುತ್ತಿತ್ತು. ಆದರೆ ಬಿಲಿರುಬಿನ್ ಇಳಿದಿದೆ, ಎಳೆಯ ಕಣ ಏರಿದೆ, ಮೂತ್ರದ ಬಣ್ಣ ತಿಳಿಯಾಗಿದೆ. ಕಾಯಿಲೆ ತಿರುಗಿದ್ದು ಅಲ್ಲಿ ಎಂದು ನನಗೆ ಸ್ಪಷ್ಟವಾಗಿತ್ತು. ಮೊದಲ ಎರಡು ವಾರವೇ ಹೆಚ್ಚಿನ ನಾಯಿಗಳನ್ನು ಕಳೆದುಕೊಳ್ಳುವ ಕಾಲ. ಅದನ್ನು ದಾಟಿ ಮನೆಗೆ ಕರೆತಂದೆವು.

ಮನೆಯಲ್ಲಿ ನಾನು ನೋಟ್‌ಬುಕ್ಕಿನಲ್ಲಿ ಮನೆಯ ಲೆಕ್ಕದ ಹಿಂಬದಿಗೆ ಅವಳಿಗೆಂದು ಕೆಲವು ಹಾಳೆ ಬಿಟ್ಟೆ. ವಸಡಿನ ಬಣ್ಣ, ಮೂತ್ರದ ಬಣ್ಣ, ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು, ತಿಂದದ್ದು, ಕೊಟ್ಟ ಮಾತ್ರೆ. ನಿದ್ದೆಯ ಉಸಿರು ಮೂವತ್ತು ದಾಟಿದರೆ ರಾತ್ರಿಯಾದರೂ ಫೋನ್ ಮಾಡಬೇಕೆಂದು ಹೇಳಿದ್ದರು. ಹಗಲು ಬೆಳಕಿನಲ್ಲಿ, ಒಂದೇ ಕಿಟಕಿಯ ಬಳಿ ವಸಡು ನೋಡುವುದು ಒಳ್ಳೆಯದು. ಟ್ಯೂಬ್‌ಲೈಟಿನಡಿ ಎಲ್ಲವೂ ಬಿಳಿಯಾಗಿಯೇ ಕಾಣುತ್ತದೆ. ಮೂತ್ರಕ್ಕೆ ಬಿಳಿ ಟೈಲ್ಸಿನ ತುಂಡೊಂದನ್ನು ಬಳಸುತ್ತಿದ್ದೆ. ಸ್ಟೀರಾಯ್ಡಿನಿಂದ ಅವಳಿಗೆ ವಿಪರೀತ ಬಾಯಾರಿಕೆ, ಹಸಿವು, ರಾತ್ರಿ ಮತ್ತೆ ಮತ್ತೆ ಹೊರಗೆ ಹೋಗುವುದು. ನೀರನ್ನು ಕಡಿಮೆ ಮಾಡಬಾರದು. ಪಾತ್ರೆ ಯಾವಾಗಲೂ ತುಂಬಿರಬೇಕು.

ರಕ್ತದ ಮುಂದಿನ ಪರೀಕ್ಷೆಗಳು ನಮ್ಮೂರಿನಲ್ಲೇ ನಡೆದವು. ಮಲಯಾಳಿ ಡಾಕ್ಟರು ರಕ್ತ ತೆಗೆದು ತಾವೇ ಸ್ಮಿಯರ್ ಎಳೆದು ನೋಡುತ್ತಿದ್ದರು. ಒಮ್ಮೆ ಎಎಲ್‌ಪಿ ಎಂಬ ಯಕೃತ್ತಿನ ಅಂಕಿ ಬಹಳ ಏರಿ ಬಂದಾಗ ಮನೆಯವರು ಗಾಬರಿಯಾದರು. ನಾಯಿಯಲ್ಲಿ ಸ್ಟೀರಾಯ್ಡೇ ಅದನ್ನು ಏರಿಸುತ್ತದೆ, ಔಷಧ ಇಳಿಸಿದಾಗ ಅದೂ ಇಳಿಯುತ್ತದೆ ಎಂದು ಅವರು ಸಮಾಧಾನ ಹೇಳಿದರು. ಬಿಳಿ ಕಣಗಳು ಏರಿರುವುದಕ್ಕೂ ಸ್ಟೀರಾಯ್ಡ್ ಕಾರಣವಾಗುತ್ತದೆ. ಒಂದು ಅಂಕಿಯನ್ನು ಅದರ ನೆರೆಯ ಅಂಕಿಗಳಿಂದ, ಅವಳು ನುಂಗುತ್ತಿರುವ ಮಾತ್ರೆಯಿಂದ ಬೇರ್ಪಡಿಸಿ ಓದಬಾರದು ಎಂಬುದನ್ನು ನಾನು ಈ ಇಬ್ಬರು ವೈದ್ಯರಿಂದ ಕಲಿತೆ.

ಪಿಸಿವಿ 30 ದಾಟಿ ಅಲ್ಲೇ ನಿಂತ ಮೇಲೆ ಪ್ರೆಡ್ನಿಸೊಲೋನನ್ನು ಮೂರು ವಾರಕ್ಕೊಮ್ಮೆ ಕಾಲು ಭಾಗದಂತೆ ಇಳಿಸಿದರು. ಪ್ರತಿ ಸಲ ಇಳಿಸುವ ಮೊದಲು ರಕ್ತ ನೋಡುವುದು, ಇಳಿಸಿದ ಮೇಲೆ ಮತ್ತೆ ನೋಡುವುದು. ಆತುರಪಟ್ಟರೆ ಕಾಯಿಲೆ ಮರುಕಳಿಸುತ್ತದೆ. ಚೆನ್ನಾಗಿ ಓಡಾಡುತ್ತಿದ್ದಾಳಲ್ಲ, ಇನ್ನು ಮಾತ್ರೆ ಯಾಕೆ ಎಂದು ಕೇಳಿದವರು ಬಹಳ ಜನ. ಅವಳ ಓಟಕ್ಕಿಂತ ಸ್ಲೈಡನ್ನು ನಂಬಿದೆ. ಪಿಸಿವಿ 36ಕ್ಕೆ ಬಂದಾಗಲೂ ಕೆಲವು ಸ್ಫೆರೊಸೈಟುಗಳು ಉಳಿದಿದ್ದವು, ಆ ಸಲ ಔಷಧ ಇಳಿಸಲಿಲ್ಲ. ಮುಂದಿನ ಸ್ಮಿಯರಿನಲ್ಲಿ ಅವು ಕಾಣದಾದ ಮೇಲೆಯೇ ಇಳಿಸಿದ್ದು. ಲಸಿಕೆಗಳನ್ನು ದೊಡ್ಡ ಪ್ರಮಾಣದ ಔಷಧ ನಡೆಯುವಷ್ಟು ಕಾಲ ಮುಂದಕ್ಕೆ ಹಾಕಿದರು. ಉಣ್ಣಿ ತಡೆಯುವ ಮಾತ್ರೆ ಮಾತ್ರ ತಪ್ಪದೆ ನಡೆದಿದೆ, ಕೊಟ್ಟಿಗೆಯ ಗೋಡೆಯ ಬಿರುಕುಗಳಿಗೂ ಔಷಧ ಹೊಡೆಸಿದ್ದೇವೆ.

ಈಗ ಆಟಿ ತಿಂಗಳು. ಮೈಕೊಫೆನೊಲೇಟ್ ನಿಂತಿದೆ, ಪ್ರೆಡ್ನಿಸೊಲೋನ್ ದಿನ ಬಿಟ್ಟು ದಿನ ಅರ್ಧ ಮಾತ್ರೆಗೆ ಬಂದಿದೆ. ಕಳೆದ ಪಿಸಿವಿ 43, ಕೊಳವೆಯ ದ್ರವ ತಿಳಿ, ಪ್ಲೇಟ್‌ಲೆಟ್ ಎರಡೂವರೆ ಲಕ್ಷ. ಮಾತ್ರೆ ಪೂರ್ತಿ ನಿಲ್ಲಿಸುವ ಮೊದಲು ಇನ್ನೊಮ್ಮೆ ರಕ್ತ ತೆಗೆಯಬೇಕಿದೆ. ರೆಟಿಕ್ಯುಲೊಸೈಟನ್ನೂ ಎಣಿಸಿ, ಸ್ಲೈಡನ್ನು ತಾವೇ ನೋಡಿ ಎಂದು ಡಾಕ್ಟರಿಗೆ ಈಗಾಗಲೇ ಹೇಳಿಟ್ಟಿದ್ದೇನೆ. "ಚೇಚಿ, ನೀವು ಹೇಳದಿದ್ದರೂ ನೋಡುತ್ತೇನೆ, ಸೋಮವಾರ ಬೆಳಗ್ಗೆ ಬನ್ನಿ" ಎಂದಿದ್ದಾರೆ.